ಫಲಕದಲ್ಲಿ ಹೆಸರಿಲ್ಲದವರಿಗೆ ಐದು ಸ್ಟಾರ್, ದೇಣಿಗೆ ವಿಭಾಗಕ್ಕೆ ಎರಡೇ

ಮೊದಲೇ ಹೇಳಿಬಿಡುತ್ತೇನೆ, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ. ಹೆಸರು ಹಾಕಿದರೆ ಬೈದದ್ದು ಮಾತ್ರ ಎಲ್ಲ ಕಡೆ ಸುತ್ತುತ್ತದೆ, ಆಮೇಲೆ ವಾರ್ಡಿನ ಸಿಸ್ಟರ್‌ಗಳನ್ನು ಕರೆದು 'ಇದನ್ನೆಲ್ಲ ಹೊರಗೆ ಹೇಳಿದ್ದು ಯಾರು' ಅಂತ ಕೇಳುತ್ತಾರೆ. ಅದು ಬೇಡ. ಟ್ರಸ್ಟ್ ನಡೆಸುವ ಸಮುದಾಯ ಆಸ್ಪತ್ರೆ ಅಂದುಕೊಳ್ಳಿ, ಸಾಕು. ಲಾಭಕ್ಕೆ ನಡೆಸುವುದಲ್ಲ. ಒಂದಿಷ್ಟು ಬಿಲ್ಲಿನ ದುಡ್ಡು, ಒಂದಿಷ್ಟು ಜನ ಕೊಟ್ಟ ದೇಣಿಗೆ, ಹೀಗೆ ಹೊಂದಿಸಿಕೊಂಡು ಹೋಗುತ್ತಾರೆ.

ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ವಯಸ್ಸು 78. ಮಾರನೇ ದಿನವೇ ಆಪರೇಷನ್ ಆಯಿತು, ಒಟ್ಟು 11 ದಿನ ಅಲ್ಲಿದ್ದೆವು. ಡಾಕ್ಟರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಚೆನ್ನಾಗಿ ಮಾಡಿದರು, ಆದರೆ ಅದು ಒಂದೂವರೆ ಗಂಟೆಯ ಕೆಲಸ. ಉಳಿದ ಹತ್ತು ದಿನ ಇಪ್ಪತ್ತೆರಡೂವರೆ ಗಂಟೆ ನರ್ಸ್‌ಗಳದ್ದು. ಈ ರಿವ್ಯೂ ಅವರದ್ದು.

ಮೊದಲ ರಾತ್ರಿ ಬಂದ ಸಿಸ್ಟರ್ ಬಿಪಿ ನೋಡಿದರು, ಡ್ರಿಪ್ ನೋಡಿದರು, ಇನ್ನೇನು ಹೊರಟರು ಅಂದುಕೊಂಡೆ. ಹೋಗಲಿಲ್ಲ. ಹೊದಿಕೆಯನ್ನು ಕಾಲಿನ ಕಡೆಯಿಂದ ಸರಿಸಿ, ಅಮ್ಮನ ಹಿಮ್ಮಡಿ ಎತ್ತಿ, ಟಾರ್ಚ್ ಬಿಟ್ಟು ನೋಡಿದರು. ಅಂಗಿಯ ಗುಂಡಿಯಷ್ಟು ಅಗಲ ಕೆಂಪಗಾಗಿತ್ತು. ಅದರ ಮೇಲೆ ಬೆರಳಿಟ್ಟು ಒತ್ತಿ, ಸ್ವಲ್ಪ ಹೊತ್ತು ಹಿಡಿದು, ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಮೆಲ್ಲಗೆ ಕೆಂಪಾಯಿತು. 'ಬೆಳ್ಳಗಾಗ್ತಿದೆ, ಪರವಾಗಿಲ್ಲ. ಒತ್ತಿದ್ರೂ ಕೆಂಪು ಹೋಗ್ಲಿಲ್ಲ ಅಂದ್ರೆ ಒಳಗೆ ಶುರುವಾಗಿದೆ ಅಂತ ಲೆಕ್ಕ' ಅಂದರು. ಚರ್ಮ ಕಪ್ಪಗಿದ್ದರೆ ಈ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲವಂತೆ, ಆಗ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕಂತೆ. ಆಮೇಲೆ ಮೀನಖಂಡದ ಕೆಳಗೆ ದಿಂಬು ಇಟ್ಟರು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ನಾನು ಇಡೀ ಸಂಜೆ ಹಿಮ್ಮಡಿಯ ಕೆಳಗೇ ದಿಂಬು ಇಟ್ಟು ಅಮ್ಮನಿಗೆ ಆರಾಮ ಮಾಡಿದ್ದೇನೆ ಅಂದುಕೊಂಡಿದ್ದೆ!

ಅವತ್ತಿಂದ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು. ಮಂಚದ ಕಾಲ ಬದಿಯಲ್ಲಿ ಒಂದು ಕಾಗದ, ಅದರಲ್ಲಿ ಸಮಯ, ಎಡವಾ ಬಲವಾ, ಸಹಿ. ಅದರ ಮೇಲೆ ದೊಡ್ಡದಾಗಿ 14 ಅಂತ ಬರೆದಿತ್ತು. ಬೆಡ್ ನಂಬರ್ ಇರಬೇಕು ಅಂದುಕೊಂಡಿದ್ದೆ, ಅಲ್ಲ, ಬ್ರೇಡನ್ ಸ್ಕೋರ್ ಅಂತೆ. ಹಾಸಿಗೆ ಹುಣ್ಣು ಆಗುವ ಅಪಾಯ ಎಷ್ಟಿದೆ ಅಂತ ಅಳೆಯುವ ಲೆಕ್ಕ. ಮುಟ್ಟಿದ್ದು ಗೊತ್ತಾಗುತ್ತದಾ, ಒದ್ದೆಯಾಗುತ್ತದಾ, ಓಡಾಡುತ್ತಾರಾ, ಸರಿಯಾಗಿ ಊಟ ಸೇರುತ್ತದಾ, ಇಂಥ ಆರು ವಿಷಯ ನೋಡಿ 6ರಿಂದ 23ರವರೆಗೆ ಅಂಕ ಹಾಕುತ್ತಾರೆ. ಕಡಿಮೆ ಬಂದಷ್ಟೂ ಅಪಾಯ ಜಾಸ್ತಿ. 18 ಅಥವಾ ಅದಕ್ಕಿಂತ ಕೆಳಗಿದ್ದರೆ ಹುಷಾರಾಗಿರಬೇಕು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದಕ್ಕೆ ಇಷ್ಟು ಚೆನ್ನಾಗಿ ನೋಡಿಕೊಂಡದ್ದು ಇದೇ ಮೊದಲು ಅಂತ ಅಮ್ಮ ಆಮೇಲೆ ತಮಾಷೆ ಮಾಡಿದಳು.

ಮೂರನೇ ರಾತ್ರಿ ಮಾತ್ರ ತಮಾಷೆಯಾಗಿರಲಿಲ್ಲ. ನಡುರಾತ್ರಿ ಎರಡು ಗಂಟೆ ಹೊತ್ತಿಗೆ ಅಮ್ಮ ಎದ್ದು ಕೂರಲು ನೋಡುತ್ತಿದ್ದಾಳೆ, ಡ್ರಿಪ್ಪಿನ ಪೈಪ್ ಎಳೆಯುತ್ತಿದ್ದಾಳೆ, ನನ್ನನ್ನು ನೋಡಿ 'ಯಾರು ನೀನು, ನನ್ನನ್ನ ಯಾಕೆ ಕೂಡಿಹಾಕಿದ್ದೀಯ' ಅಂತ ಕಿರುಚುತ್ತಿದ್ದಾಳೆ. ತಲೆ ಕೆಟ್ಟೇ ಹೋಯಿತು ಅಂದುಕೊಂಡೆ. ನನ್ನ ಕೈಕಾಲು ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಿಸ್ಟರ್ ಬಂದರು. ಗದರಲಿಲ್ಲ, ಕೈ ಕಟ್ಟಲಿಲ್ಲ. ಮಂಚದ ಪಕ್ಕ ಅಮ್ಮನ ಮುಖದ ಮಟ್ಟಕ್ಕೆ ಬಗ್ಗಿ, ತಾನು ಯಾರು, ಇದು ಯಾವ ಜಾಗ, ಇವತ್ತು ಯಾವ ವಾರ ಅಂತ ಮೆಲ್ಲಗೆ ಹೇಳಿದರು. ಆಕ್ಸಿಜನ್ ನೋಡಿದರು, ನೋವು ಇದೆಯಾ ಅಂತ ನೋಡಿದರು, ಹೊಟ್ಟೆಯ ಕೆಳಗೆ ಕೈಯಿಟ್ಟು ಮೂತ್ರ ಕಟ್ಟಿಕೊಂಡಿದೆಯಾ ಅಂತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ ಪ್ರಶ್ನೆ ನಾನು ಯಾವತ್ತೂ ಮರೆಯುವುದಿಲ್ಲ. 'ಅಜ್ಜಿಗೆ ಕನ್ನಡಕ ಇದೆಯಾ? ಕಿವಿಗೆ ಮಿಷನ್ ಏನಾದ್ರೂ?'

ಎರಡೂ ಇತ್ತು. ಕಳೆದುಹೋದೀತು ಅಂತ ಬ್ಯಾಗಿನೊಳಗೆ ಭದ್ರ ಮಾಡಿಟ್ಟಿದ್ದೆ. ಯೋಚನೆ ಮಾಡಿ, ಕಣ್ಣು ಕಾಣದ, ಕಿವಿ ಕೇಳದ ಒಬ್ಬ ಮುದುಕಿ, ಹೊಸ ಜಾಗ, ಮೈಯಲ್ಲಿ ಆಪರೇಷನ್ನಿನ ಸುಸ್ತು ಇನ್ನೂ ಪೂರ್ತಿ ಇಳಿದಿಲ್ಲ, ಕತ್ತಲು, ಯಾರ್ಯಾರೋ ಬಂದು ಮುಟ್ಟುತ್ತಾರೆ. ಯಾರಿಗಾದರೂ ಗಾಬರಿ ಆಗುತ್ತದೆ ಅಲ್ವಾ? ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೊಂಟದ ಆಪರೇಷನ್ ಆದ ವಯಸ್ಸಾದವರಲ್ಲಿ ತುಂಬ ಕಾಣುತ್ತದೆ, ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಕನ್ನಡಕ ಹಾಕಿ, ಕಿವಿಗೆ ಮಿಷನ್ ಸಿಕ್ಕಿಸಿ, ಎದುರು ಗೋಡೆಯ ಗಡಿಯಾರ ಕಾಣುವ ಹಾಗೆ ಮಂಚ ತಿರುಗಿಸಿದರು. ಬೆಳಿಗ್ಗೆ ಎದ್ದ ಕೂಡಲೇ ಪರದೆ ಸರಿಸಿ ಬೆಳಕು ಬಿಟ್ಟು ಕುರ್ಚಿಯಲ್ಲಿ ಕೂರಿಸಿದರು, ಹಗಲು ನಿದ್ದೆ ಮಾಡಲು ಬಿಡಲಿಲ್ಲ, ರಾತ್ರಿ ಸುಮ್ನೆ ಎಬ್ಬಿಸಲಿಲ್ಲ. ಎರಡು ದಿನಕ್ಕೆ ಅಮ್ಮ ಮತ್ತೆ ನನ್ನನ್ನು ಬೈಯುವ ಅಮ್ಮನೇ ಆದಳು. ಹೊಸ ಔಷಧಿ ಒಂದೂ ಕೊಟ್ಟಿರಲಿಲ್ಲ.

ಮಾತ್ರೆ ಕೊಡುವಾಗಲೆಲ್ಲ ಕೈಪಟ್ಟಿ ನೋಡಿ 'ನಿಮ್ಮ ಹೆಸರೇನಮ್ಮಾ' ಅಂತ ಕೇಳುತ್ತಿದ್ದರು. ಐದನೇ ದಿನ ಅಮ್ಮನಿಗೆ ರೇಗಿತು, 'ನಿನ್ನೆಯಿಂದ ಬದಲಾಗಿಲ್ಲ ಕಣೇ' ಅಂದಳು. ಆ ಹುಡುಗಿ ನಗುತ್ತಲೇ ಮತ್ತೆ ಕೇಳಿದಳು. ಹೆಸರು ಹೇಳುವವರೆಗೆ ಮಾತ್ರೆ ಕೊಡಲಿಲ್ಲ. ಡ್ಯೂಟಿ ಬದಲಾಗುವಾಗ ಹೋಗುವವರು ಬರುವವರಿಗೆ ಕೌಂಟರಿನಲ್ಲಿ ನಿಂತು ವರದಿ ಒಪ್ಪಿಸುವುದಿಲ್ಲ, ಮಂಚದ ಹತ್ತಿರವೇ ಬಂದು ನಮ್ಮೆದುರಿಗೇ ಹೇಳುತ್ತಾರೆ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೇನು ಅನ್ನಿಸುತ್ತದೆ, ಏನು ಮಾಡಬೇಕು. ಇದೇ ನಾಲ್ಕು ಮಾತು, ಇದೇ ಕ್ರಮ. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಸ್‌ಬಿಎಆರ್ ಅನ್ನುತ್ತಾರೆ ಇದಕ್ಕೆ, ಮೊದಲು ಶುರುವಾದದ್ದು ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಂತೆ. ಒಂದು ಸಲ ಹೋಗುವ ಸಿಸ್ಟರ್ 'ಎಡಗಾಲು' ಅಂದುಬಿಟ್ಟರು, ಅಮ್ಮ ಮಲಗಿದಲ್ಲಿಂದಲೇ 'ಬಲಗಾಲಮ್ಮಾ' ಅಂದಳು. ಮಂಚದ ಹತ್ತಿರ ಹೇಳಿದ್ದರಿಂದ ತಾನೇ ಅದು ಆಗಿದ್ದು.

ಇಷ್ಟೆಲ್ಲ ಆಗಿ ಒಂದು ರಾತ್ರಿ ಬೆಲ್ ಒತ್ತಿ 25 ನಿಮಿಷ ಕಾದೆವು. ಅಮ್ಮನಿಗೆ ಬೆಡ್‌ಪ್ಯಾನ್ ಬೇಕಿತ್ತು. ಕೊನೆಗೆ ಹಾಸಿಗೆ ಒದ್ದೆಯಾಯಿತು, ಅಮ್ಮ ಅತ್ತಳು. ಜಗಳ ಆಡೋಣ ಅಂತಲೇ ಎದ್ದು ಹೋದೆ. ಹೋಗಿ ನೋಡಿದರೆ ಆ ಕೊನೆಯ ಮಂಚದಲ್ಲಿ ಒಬ್ಬರಿಗೆ ಉಸಿರು ಸಿಗುತ್ತಿಲ್ಲ, ಒಬ್ಬ ಸಿಸ್ಟರ್ ಅಲ್ಲಿ, ಇನ್ನೊಬ್ಬರು ಫೋನಿನಲ್ಲಿ ಡಾಕ್ಟರನ್ನು ಕರೆಯುತ್ತಿದ್ದಾರೆ. ಇಡೀ ವಾರ್ಡಿಗೆ ರಾತ್ರಿ ಇಬ್ಬರೇ, ರೋಗಿಗಳು 24. ಹಗಲು ಒಬ್ಬರಿಗೆ ಆರು ಜನ ಇದ್ದದ್ದು ರಾತ್ರಿಗೆ 12 ಆಗುತ್ತದೆ. ರಾತ್ರಿ ರೋಗಿಗಳು ಮಲಗಿರುತ್ತಾರೆ ಅಂತ ಲೆಕ್ಕ ಹಾಕಿದವರು ಯಾವತ್ತೂ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಲ್ಲ.

ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಅವರ ಜೊತೆಯವರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ, ಆಪರೇಷನ್ ಆದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟುಕೊಂಡು ನೋಡಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ, 30 ದಿನದೊಳಗೆ ಸಾಯುವ ಸಾಧ್ಯತೆ 7% ಏರುತ್ತಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದಾಗಲೂ ಅದೇ 7% ಬಂತು. ಅದರ ಜೊತೆಗೆ, ಪದವಿ ಓದಿದ ನರ್ಸ್‌ಗಳ ಪ್ರಮಾಣ 10% ಜಾಸ್ತಿ ಇದ್ದಲ್ಲಿ ಸಾವಿನ ಸಾಧ್ಯತೆ 7% ಕಡಿಮೆ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಬ್ಬ ನರ್ಸಿಗೆ ಇಷ್ಟೇ ರೋಗಿಗಳು ಅಂತ ಕಾನೂನೇ ಜಾರಿಯಲ್ಲಿದೆ, ಐಸಿಯುನಲ್ಲಿ ಇಬ್ಬರು, ಸಾಮಾನ್ಯ ವಾರ್ಡಿನಲ್ಲಿ ಈಗ ಐವರು. ಹಗಲು ರಾತ್ರಿ ಎರಡೂ ಹೊತ್ತು. ನನಗೆ ಬೆಲ್ಲಿನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅದು ಆ ಇಬ್ಬರು ಹುಡುಗಿಯರ ಮೇಲೆ ಇಲ್ಲ.

ಈಗ ದೇಣಿಗೆಯ ಕಥೆಗೆ ಬರುತ್ತೇನೆ.

ಆಸ್ಪತ್ರೆಯ ಒಳಗೆ ಕಾಲಿಟ್ಟರೆ ಮೊದಲು ಕಾಣುವುದೇ ಗೋಡೆ ತುಂಬ ಕಲ್ಲಿನ ಫಲಕಗಳು. ಲಿಫ್ಟಿಗೆ ಒಬ್ಬರ ಹೆಸರು, ಎಕ್ಸ್‌ರೇ ಕೋಣೆಗೆ ಒಬ್ಬರದ್ದು, ಕೂರುವ ಬೆಂಚಿನ ಬೆನ್ನಿಗೂ ಹೆಸರು, ಗಾಲಿಕುರ್ಚಿಯ ಬೆನ್ನಿಗೂ ಹೆಸರು. (ಆ ಗಾಲಿಕುರ್ಚಿಯ ಬ್ರೇಕ್ ಹಿಡಿಯುತ್ತಿರಲಿಲ್ಲ, ಹೆಸರು ಮಾತ್ರ ಫಳಫಳ.) ಬಿಡುಗಡೆಯ ದಿನ ಕಾಗದಪತ್ರಕ್ಕೆ ಐದು ಗಂಟೆ ಕಾಯಿಸಿದರು, ಆ ಹೊತ್ತಿನಲ್ಲಿ ಎಣಿಸಿದೆ, 43 ಫಲಕ. ನರ್ಸ್‌ಗಳಿಗಾಗಿ ಕೊಟ್ಟದ್ದು ಅಂತ ಒಂದೂ ಇಲ್ಲ.

ದಾನ ಕೊಟ್ಟವರನ್ನು ಹಂಗಿಸುತ್ತಿಲ್ಲ. ಆ ಹಣ ಇಲ್ಲದಿದ್ದರೆ ಆಸ್ಪತ್ರೆಯೇ ಇರುತ್ತಿರಲಿಲ್ಲ. ಪಕ್ಕದ ಮಂಚದವರ ಚಿಕಿತ್ಸೆ ಪೂರ್ತಿ ಬಡ ರೋಗಿಗಳ ನಿಧಿಯಿಂದ ನಡೆಯಿತು, ಅವರ ಮಗಳೇ ಹೇಳಿದಳು. ಅದನ್ನು ನಡೆಸಿದ ರೀತಿ ನನಗೆ ತುಂಬ ಹಿಡಿಸಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಬಂದು, ಪರದೆ ಎಳೆದು, ಸಣ್ಣ ದನಿಯಲ್ಲಿ ಮಾತಾಡಿ ಹೋದರು. ಕೇಸ್ ಶೀಟಿನ ಮೇಲೆ ಗುರುತಿಲ್ಲ, ಮಂಚಕ್ಕೆ ಬೇರೆ ಬಣ್ಣದ ಚೀಟಿ ಇಲ್ಲ. ಯಾರು ದುಡ್ಡು ಕಟ್ಟಿದವರು, ಯಾರು ಕಟ್ಟದವರು ಅಂತ ವಾರ್ಡಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಗೂ ಎರಡು ಗಂಟೆಗೊಮ್ಮೆ ಮಗ್ಗಲು, ಅಮ್ಮನಿಗೂ ಎರಡು ಗಂಟೆಗೊಮ್ಮೆ.

ನನ್ನ ತಕರಾರು ಬೇರೆ. ಆರನೇ ದಿನ ಅಮ್ಮನಿಗೆ ಏರ್ ಬೆಡ್ (ಹಾಸಿಗೆ ಹುಣ್ಣು ಆಗದ ಹಾಗೆ ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಹಾಕೋಣ ಅಂತ ಇನ್‌ಚಾರ್ಜ್ ಸಿಸ್ಟರ್ ಸ್ಟೋರ್ ರೂಮಿನ ಬಾಗಿಲು ತೆಗೆದರು, ನಾನೂ ಹೊರಲು ಹೋಗಿದ್ದೆ. ಹತ್ತು ಏರ್ ಬೆಡ್ ಇದ್ದವು, ಎಲ್ಲವೂ ಒಬ್ಬರೇ ಕೊಟ್ಟದ್ದು, ಒಳ್ಳೆಯ ಕಂಪನಿಯವು. ಒಂದಾದ ಮೇಲೆ ಒಂದು ಪಂಪ್ ಪ್ಲಗ್ಗಿಗೆ ಹಾಕಿ ನೋಡಿದೆವು. ಆರು ಸತ್ತಿದ್ದವು. ಕೆಲವಕ್ಕೆ ಪೈಪ್ ಸೀಳಿದೆ ಅಷ್ಟೇ, ಆದರೆ ಹೊಸ ಪೈಪ್ ತರಿಸಲು ಯಾವ ಲೆಕ್ಕದಲ್ಲೂ ದುಡ್ಡಿಲ್ಲ. ಬೆಡ್ ಕೊಟ್ಟವರು ರಿಪೇರಿಗೆ ಅಂತ ಕೊಟ್ಟಿರಲಿಲ್ಲ, ಆಸ್ಪತ್ರೆಯೂ ಕೇಳಿರಲಿಲ್ಲ. 'ಹೊಸದು ಹತ್ತು ಕೇಳಿದ್ರೆ ಕೊಡೋರು ಸಿಗ್ತಾರೆ ಸರ್, ಒಂದು ಪೈಪ್ ಕೇಳಿದ್ರೆ ಯಾರೂ ಸಿಗಲ್ಲ' ಅಂದರು ಸಿಸ್ಟರ್. ಇದು ಇದೊಂದೇ ಆಸ್ಪತ್ರೆಯ ರೋಗ ಅಲ್ಲ. 16 ಬಡ ದೇಶಗಳ ಆಸ್ಪತ್ರೆಗಳಲ್ಲಿ ಲಕ್ಷಕ್ಕೂ ಮೇಲೆ ಉಪಕರಣಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದ್ದರು, ಹತ್ತಿರ ಹತ್ತಿರ 40% ಕೆಲಸಕ್ಕೇ ಬರುತ್ತಿರಲಿಲ್ಲ.

ನಾನೂ ಏನು ಸಾಚಾ ಅಲ್ಲ. ಮನೆಯಲ್ಲಿ ಉಳಿದಿದ್ದ ಹಳೇ ಮಾತ್ರೆಗಳನ್ನು ಒಂದು ಚೀಲದಲ್ಲಿ ತುಂಬಿ, ಬಡವರಿಗೆ ಕೊಡಿ ಅಂತ ಫಾರ್ಮಸಿಗೆ ಒಯ್ದಿದ್ದೆ. ಫಾರ್ಮಸಿಸ್ಟ್ ನಯವಾಗಿ ವಾಪಸ್ ಮಾಡಿದರು. ಒಬ್ಬ ರೋಗಿಗೆ ಕೊಟ್ಟ ಔಷಧಿ ವಾಪಸ್ ಬಂದರೆ ಅದನ್ನು ದಾನ ಮಾಡಬಾರದು, ಕೊಡುವ ಔಷಧಿಗೆ ಸಾಮಾನ್ಯವಾಗಿ ಇನ್ನೂ ಒಂದು ವರ್ಷವಾದರೂ ಅವಧಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಹೇಳಿದೆ. ಅದು ಎಲ್ಲಿ ಇಟ್ಟಿದ್ದು, ಎಷ್ಟು ಬಿಸಿಯಲ್ಲಿ ಇತ್ತು ಯಾರಿಗೆ ಗೊತ್ತು. ನಮಗೆ ಬೇಡದ್ದನ್ನು ಕೊಟ್ಟು ಪುಣ್ಯ ಕಟ್ಟಿಕೊಳ್ಳಲು ಹೋಗಿದ್ದೆ, ಅಷ್ಟೇ.

ಮನೆಗೆ ಹೊರಡುವ ಮುಂಚೆ, ಕನ್ನಡಕದ ಬಗ್ಗೆ ಕೇಳಿದ್ದ ಆ ರಾತ್ರಿ ಸಿಸ್ಟರ್‌ಗೆ ದುಡ್ಡಿನ ಒಂದು ಕವರ್ ಕೊಡಲು ಹೋದೆ. ಎರಡು ಹೆಜ್ಜೆ ಹಿಂದೆ ಸರಿದರು. ಬೇಡ ಅಂದರೆ ಬೇಡ. 'ನನಗೆ ಕೊಟ್ರೆ ನಾಳೆ ಕೊಡದೇ ಇರೋರ ಮುಖ ಹೇಗೆ ನೋಡ್ಲಿ' ಅಂದರು. ಏನಾದರೂ ಮಾಡಲೇಬೇಕು ಅಂದರೆ ಏನು ಚೆನ್ನಾಗಿತ್ತು ಅಂತ ನಾಲ್ಕು ಸಾಲು ಬರೆದುಕೊಡಿ ಅಂದರು. ಅಮೆರಿಕದಲ್ಲಿ ಇದೇ ಒಂದು ದೊಡ್ಡ ಪ್ರಶಸ್ತಿ ಆಗಿದೆ ಅಂತ ಆಮೇಲೆ ಓದಿದೆ. 1999ರಲ್ಲಿ 33 ವರ್ಷದ ಒಬ್ಬ ರೋಗಿ ತೀರಿಕೊಂಡ. ಅವನ ಮನೆಯವರಿಗೆ ಅಷ್ಟು ದುಃಖದಲ್ಲೂ ನೆನಪಲ್ಲಿ ಉಳಿದದ್ದು ನರ್ಸ್‌ಗಳು ನೋಡಿಕೊಂಡ ರೀತಿ. ಅವನ ನೆನಪಿಗೆ ಡೈಸಿ ಫೌಂಡೇಶನ್ ಶುರು ಮಾಡಿದರು, ರೋಗಿಗಳು ಮತ್ತು ಮನೆಯವರು ಬರೆದುಕೊಟ್ಟ ಮಾತಿನ ಮೇಲೆ ನರ್ಸ್‌ಗಳಿಗೆ ಪ್ರಶಸ್ತಿ ಕೊಡುತ್ತಾರೆ, ಈಗ ಬೇರೆ ದೇಶಗಳಿಗೂ ಹರಡಿದೆ. ನಾನು ನಾಲ್ಕು ಸಾಲು ಅಲ್ಲ, ಎರಡು ಪುಟ ಬರೆದುಕೊಟ್ಟೆ. ಕನ್ನಡಕದ ವಿಷಯ ಇಡೀ ಒಂದು ಪುಟ.

ಆದರೂ ಬರೀ ಕಾಗದದಿಂದ ರಾತ್ರಿ ಡ್ಯೂಟಿಗೆ ಮೂರನೇ ಸಿಸ್ಟರ್ ಬರುವುದಿಲ್ಲ. ಇನ್‌ಚಾರ್ಜ್ ಸಿಸ್ಟರನ್ನೇ ಕೇಳಿದೆ, ದುಡ್ಡು ಕೊಡೋದಾದರೆ ಯಾವುದಕ್ಕೆ ಕೊಡಬೇಕು ಅಂತ. ಯೋಚನೆಯನ್ನೂ ಮಾಡದೆ ಹೇಳಿದರು, ಅಂದರೆ ಎಷ್ಟು ದಿನದಿಂದ ಮನಸ್ಸಿನಲ್ಲಿತ್ತೋ. ಗಾಯದ ಆರೈಕೆಯ ತರಬೇತಿಗೆ ಇಬ್ಬರನ್ನು ಕಳಿಸಬೇಕು, ಫೀಸು ದೊಡ್ಡದಲ್ಲ, ಅವರು ಹೋದಾಗ ಆ ಜಾಗಕ್ಕೆ ಬರುವವರ ಸಂಬಳ ಯಾರು ಕೊಡುತ್ತಾರೆ ಅನ್ನುವುದೇ ತೊಂದರೆ. ಹೃದಯ ನಿಂತವರ ಎದೆ ಒತ್ತುವುದನ್ನು ಅಭ್ಯಾಸ ಮಾಡುವ ಬೊಂಬೆ ಹರಿದುಹೋಗಿದೆ. ರಾತ್ರಿ ಡ್ಯೂಟಿಯಲ್ಲಿ ಹತ್ತು ನಿಮಿಷ ಕಾಲು ಚಾಚಲು ಒಂದು ಕೋಣೆ ಇಲ್ಲ, ಇದ್ದ ಕೋಣೆಯಲ್ಲಿ ಆ ಸತ್ತ ಏರ್ ಬೆಡ್‌ಗಳಿವೆ.

ಇದನ್ನೇ ಹೇಳೋಣ ಅಂತ ದೇಣಿಗೆ ವಿಭಾಗಕ್ಕೆ ಹೋದೆ. ಸ್ಟಾರ್ ಕಳೆದುಕೊಳ್ಳಲು ಶುರು ಮಾಡಿದ್ದು ಇಲ್ಲೇ. ಕುಳಿತಿದ್ದವರು ಕೇಳಿದ ಮೊದಲ ಪ್ರಶ್ನೆ, 'ಬೋರ್ಡ್ ಮೇಲೆ ಯಾರ ಹೆಸರು ಬರೀಬೇಕು?' ಎರಡನೇದು, 'ಕಟ್ಟಡನಾ, ಮಿಷನ್ನಾ, ಬಡ ರೋಗಿಗಳ ನಿಧಿನಾ?' ನರ್ಸ್‌ಗಳ ತರಬೇತಿಗೆ ಅಂದೆ. ಅಂಥ ಕಾಲಂ ಇಲ್ಲ ಅಂದರು. ಹಾಗಾದರೆ ಎಲ್ಲಿ ಬೇಕೋ ಅಲ್ಲಿ ಖರ್ಚು ಮಾಡಿ ಅಂತ ಕೊಡಬಹುದಾ ಅಂದೆ. ಅದಕ್ಕೂ ಕಾಲಂ ಇಲ್ಲ! ಸಂಬಳಕ್ಕೆ ಅಂತ ದೇಣಿಗೆ ತೆಗೆದುಕೊಂಡರೆ ಮುಂದಿನ ವರ್ಷ ದುಡ್ಡು ಬರದಿದ್ದರೆ ಏನು ಮಾಡುವುದು ಅನ್ನುವ ಅವರ ಮಾತಿನಲ್ಲಿ ನ್ಯಾಯ ಇದೆ, ಒಪ್ಪುತ್ತೇನೆ. ಲಿಫ್ಟಿಗೆ ಒಂದು ಸಲ ಕೊಟ್ಟರೆ ಮುಗಿಯಿತು, ಮನುಷ್ಯರಿಗೆ ತಿಂಗಳು ತಿಂಗಳು ಕೊಡಬೇಕು. ಆದರೆ ಅದಕ್ಕೆ ದಾರಿ ಇಲ್ಲವೇ? ಅಸಲು ಮುಟ್ಟದೆ ಬಡ್ಡಿಯಲ್ಲಿ ಮಾತ್ರ ಖರ್ಚು ಮಾಡುವ ಮೂಲನಿಧಿ ಇಡಬಹುದು, ಇಬ್ಬರ ತರಬೇತಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೇಳಬಹುದು, ಮಿಷನ್ ಕೊಡುವವರ ಹತ್ತಿರವೇ ಐದು ವರ್ಷದ ರಿಪೇರಿ ಖರ್ಚನ್ನೂ ಕೇಳಬಹುದು.

ಹೊಸ ಐಡಿಯಾ ಅಂತೇನೂ ಇಲ್ಲ ಇದು. ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ಚಿತ್ರ ಎಲ್ಲ ಆಸ್ಪತ್ರೆಯ ಗೋಡೆಯ ಮೇಲೂ ಇರುತ್ತದಲ್ಲ, ಇಲ್ಲೂ ಇತ್ತು, ಸರಿಯಾಗಿ ಆ ದೇಣಿಗೆ ಕೌಂಟರಿನ ಮೇಲೆಯೇ. ಆಕೆ ಇನ್ನೂ ಕ್ರಿಮಿಯಾ ಯುದ್ಧದ ಕೆಲಸದಲ್ಲಿ ಇದ್ದಾಗಲೇ, 1855ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಆಕೆಯ ಹೆಸರಿನಲ್ಲಿ ನಿಧಿ ಶುರು ಮಾಡಿದರು. ಸೈನಿಕರು ಕೂಡ ತಮ್ಮ ಸಂಬಳದಿಂದ ಕೊಟ್ಟರು, ಸುಮಾರು 45,000 ಪೌಂಡ್ ಆಯಿತು. ಅದರಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಪಾಠ ಹೇಳುವ ಶಾಲೆ ಶುರುವಾಯಿತು. ಅಂದರೆ ಈ ಕೆಲಸದ ತರಬೇತಿಗೆ ಒಂದು ದೊಡ್ಡ ಬುನಾದಿ ಬಿದ್ದದ್ದು ಜನ ಕೊಟ್ಟ ದೇಣಿಗೆಯಿಂದಲೇ. ಆ ಚಿತ್ರದ ಕೆಳಗೆ ಕೂತು 'ನರ್ಸ್‌ಗಳಿಗೆ ಕಾಲಂ ಇಲ್ಲ' ಅನ್ನುತ್ತಾರೆ. ನಗು ಬಂತು, ತಡೆದುಕೊಂಡೆ.

ಕೊನೆಗೆ 'ಇತರೆ' ಅಂತ ಒಂದು ಚಿಕ್ಕ ಚೌಕ ಇತ್ತು. ಅದರಲ್ಲಿ ಅಕ್ಷರ ಸಣ್ಣ ಮಾಡಿ 'ನರ್ಸ್‌ಗಳ ತರಬೇತಿ ಮತ್ತು ಏರ್ ಬೆಡ್ ಪೈಪ್' ಅಂತ ಬರೆದು ಕೊಟ್ಟು ಬಂದೆ. ಹತ್ತು ದಿನದ ಮೇಲೆ ರಸೀದಿ ಬಂತು, 'ಕಟ್ಟಡ ನಿಧಿ' ಅಂತ. ಫೋನ್ ಮಾಡಿದೆ. ಕಂಪ್ಯೂಟರಿನಲ್ಲಿ 'ಇತರೆ' ಒತ್ತಿದರೆ ಅದೇ ಬರುತ್ತದಂತೆ, ಬದಲಿಸಿ ಕಳಿಸುತ್ತೇವೆ ಅಂದರು. ಜೊತೆಗೆ ಮತ್ತೆ ಅದೇ ಪ್ರಶ್ನೆ, ಬೋರ್ಡ್ ಮೇಲೆ ಯಾರ ಹೆಸರು? ಅಮ್ಮ ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಪಕ್ಕದಲ್ಲೇ ನಿಂತಿದ್ದಳು, 'ನನ್ನ ಹಿಮ್ಮಡಿ ಹೆಸರು ಹಾಕ್ಸು' ಅಂದಳು.

ಹಾಗಾಗಿ ನರ್ಸಿಂಗ್‌ಗೆ ಐದಕ್ಕೆ ಐದು, ಬೆಲ್ಲಿನ ರಾತ್ರಿಯನ್ನೂ ಸೇರಿಸಿಯೇ. ಬಡ ರೋಗಿಗಳ ನಿಧಿ ನಡೆಸುವ ರೀತಿಗೂ ಐದು. ಬಿಡುಗಡೆಯ ದಿನದ ಕಾಗದಪತ್ರಕ್ಕೆ ಒಂದು. ದೇಣಿಗೆ ವಿಭಾಗಕ್ಕೆ ಸದ್ಯಕ್ಕೆ ಎರಡು. ತಿದ್ದಿದ ರಸೀದಿ ಇನ್ನೂ ಬಂದಿಲ್ಲ, ಬಂದ ದಿನ ಮೂರು ಮಾಡುತ್ತೇನೆ.